ಶೆಡ್ಡಿನಲ್ಲಿ ಕುದಿಯುತ್ತಿದ್ದ ಬ್ಯಾಟರಿ

ವರ್ಷವಿಡೀ ನಿಂತೇ ಇರುವ ಕಾರುಗಳೆಲ್ಲ ಆಯುಧಪೂಜೆಯ ಹಿಂದಿನ ವಾರ ಒಟ್ಟಿಗೆ ಸಾಯುತ್ತವೆ. ಸತ್ತು ಎಷ್ಟೋ ದಿನ ಆಗಿರುತ್ತದೆ, ಗೊತ್ತಾಗುವುದು ಆ ವಾರ. ಪೂಜೆ ಮುಗಿದ ಮೇಲೆ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು ಹತ್ತಿಸಬೇಕಲ್ಲ, ಅದಕ್ಕೆ ಗಾಡಿ ಒಂದು ಗೇಣಾದರೂ ಮುಂದೆ ಹೋಗಬೇಕು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಅಷ್ಟೆ. ಆಗ ನನ್ನ ನೆನಪಾಗುತ್ತದೆ. ಕೆಸರೆಯಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ ಇದೆ. ಆ ವಾರ ಕೂತು ಊಟ ಮಾಡಲೂ ಪುರಸೊತ್ತಿರುವುದಿಲ್ಲ.

ನಾನು ಹೇಳಹೊರಟಿರುವುದು ಅಂಥ ಒಂದು ವಾರದ್ದು. ಆ ಸಲ ನನ್ನ ಬಾಯಿಂದಾಗಿ ಲಕ್ಷ್ಮೀಪುರಂನ ಒಬ್ಬ ಹೆಣ್ಣುಮಗಳ ಎರಡೂ ಕಣ್ಣು ಹೋಗುವುದರಲ್ಲಿತ್ತು. ಇವತ್ತಿಗೂ ಕರ್ಪೂರದ ವಾಸನೆ ಬಂದರೆ ಹತ್ತಿರದಲ್ಲಿ ಬ್ಯಾಟರಿ ಇದೆಯೇ ಅಂತ ಮೊದಲು ನೋಡುತ್ತೇನೆ.

ಆ ಮೇಡಂ ಸೀರೆಗಳಿಗೆ ಕುಚ್ಚು ಹಾಕುವವರು. ಐವತ್ತರ ಆಸುಪಾಸಿನ ವಯಸ್ಸು. ಮದುವೆ ಸೀಸನ್ನಿನಲ್ಲಿ ಅವರ ಜಗಲಿಯ ಮೇಲೆ ಸೀರೆಗಳ ರಾಶಿ. ರೇಷ್ಮೆಯ ಎಳೆ ಎಣಿಸಿ ಗಂಟು ಹಾಕುವ ಕೆಲಸ, ಪೂರ್ತಿ ಕಣ್ಣಿನ ಮೇಲೆಯೇ ನಿಂತದ್ದು. ಕಾರು ಓಡಿಸಲು ಕಲಿತದ್ದು ತಡವಾಗಿ. ಹಳೆಯದೊಂದು ಸಣ್ಣ ಕಾರು ಕೊಂಡರು, ಸರ್ಕಲ್ಲಿನಲ್ಲಿ ಎರಡು ಸಲ ಬಸ್ಸಿನ ಹಾರನ್ನಿಗೆ ಬೆಚ್ಚಿದರು, ಆಮೇಲೆ ಅದನ್ನು ಮನೆ ಪಕ್ಕದ ಶೆಡ್ಡಿಗೆ ಸೇರಿಸಿಬಿಟ್ಟರು. ಎರಡು ಮೂರು ತಿಂಗಳಿಗೊಮ್ಮೆ ನಂಜನಗೂಡಿಗೆ ಹೋಗಿ ಬಂದರೆ ಹೆಚ್ಚು.

ಪೂಜೆಯ ಹಿಂದಿನ ಸಂಜೆ ಐದಕ್ಕೆ ಅವರಲ್ಲಿಗೆ ಹೋದೆ. ಮೀಟರ್ ಇಟ್ಟರೆ ಹತ್ತೂ ಮುಕ್ಕಾಲು ವೋಲ್ಟ್. ಆರೋಗ್ಯವಾಗಿರುವ ಬ್ಯಾಟರಿ ಹನ್ನೆರಡೂವರೆಗಿಂತ ಮೇಲಿರಬೇಕು. ಹೈಡ್ರೋಮೀಟರಿಗೆ ಆಸಿಡ್ ಎಳೆದರೆ ಒಳಗಿನ ತೇಲುಬುರುಡೆ ಕೆಂಪು ಗೆರೆಯವರೆಗೂ ಮುಳುಗಿಹೋಯಿತು, ಆಸಿಡ್ಡಿನಲ್ಲಿ ಸತ್ವವೇ ಉಳಿದಿರಲಿಲ್ಲ. ಬ್ಯಾಟರಿಯ ಆರೂ ಸೆಲ್ಲಿನಲ್ಲೂ ಅದೇ ಕಥೆ. ಟರ್ಮಿನಲ್ ಮೇಲೆ ಹಸಿರು ಕಿಲುಬು ಬೇರೆ.

“ದಿನಾ ಸ್ಟಾರ್ಟ್ ಮಾಡ್ತೀನಲ್ಲ ನಾನು?” ಅಂದರು ಮೇಡಂ. “ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಇಲ್ಲಿ ಬಂದು ಐದು ನಿಮಿಷ ಎಂಜಿನ್ ಆನ್ ಮಾಡಿ, ಆಫ್ ಮಾಡಿ ಹೋಗ್ತೀನಿ. ಮೊನ್ನೆವರೆಗೂ ಒಂದು ದಿನ ತಪ್ಪಿಸಿಲ್ಲ.”

“ಅದಕ್ಕೇ ಸತ್ತಿರೋದು ಮೇಡಂ.”

ಅವರ ಮುಖ ಸಣ್ಣದಾಯಿತು. ನನಗೆ ಮಾತಾಡಲು ಒಬ್ಬರು ಸಿಕ್ಕರೆ ಸಾಕು, ವಿವರಿಸತೊಡಗಿದೆ. ಎಂಜಿನ್ನನ್ನು ಒಂದು ಸಲ ತಿರುಗಿಸಲು ಬ್ಯಾಟರಿ ಒಂದೇ ಗುಕ್ಕಿಗೆ ಬಹಳ ಕರೆಂಟು ಕೊಡುತ್ತದೆ. ನಿಂತಲ್ಲೇ ಐದು ನಿಮಿಷ ಗುರುಗುಟ್ಟಿದರೆ ಅದು ವಾಪಸ್ ತುಂಬುವುದಿಲ್ಲ. “ದಿನಾ ಕೊಡದಿಂದ ಒಂದು ಚೊಂಬು ತೆಗೆದು ಒಂದು ಲೋಟ ವಾಪಸ್ ಹುಯ್ತಾ ಬಂದಿದ್ದೀರಿ ಕಣ್ರೀ” ಅಂದೆ. ವಾರಕ್ಕೊಂದು ಸಲ ಒಂದೇ ಸಮನೆ ಅರ್ಧ ಮುಕ್ಕಾಲು ಗಂಟೆ ರಸ್ತೆಯ ಮೇಲೆ ಓಡಿಸಬೇಕು. ಆಗದಿದ್ದರೆ ಮೈನಸ್ ಕಡೆಯ ವಯರು ಕಳಚಿಡಬೇಕು, ಯಾಕೆಂದರೆ ಗಾಡಿ ನಿಂತಿದ್ದರೂ ಗಡಿಯಾರ, ಅಲಾರಂ ಎಲ್ಲ ಕದ್ದು ಕುಡಿಯುತ್ತಲೇ ಇರುತ್ತವೆ. ಇಲ್ಲವೇ ತಾನೇ ನಿಲ್ಲುವ ಸಣ್ಣ ಚಾರ್ಜರ್ ಒಂದನ್ನು ಹಾಕಿಟ್ಟಿರಬೇಕು.

“ಒಂದು ನಿಮಿಷ, ಬರ್ಕೋತೀನಿ ಇರಿ” ಅಂದು ಒಳಗಿನಿಂದ ನೋಟ್‌ಬುಕ್ಕು ತಂದರು. ಸೀರೆಯ ಅಳತೆ ಬರೆಯುವ ಪುಸ್ತಕ. ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಬರೆದರು. ಬರೆಯುತ್ತಲೇ ಕೇಳಿದರು, “ಹಾಗಾದ್ರೆ ಗಾಡಿಗೆ ಮುಖ್ಯ ಎಂಜಿನ್ ಅಲ್ಲ ಅಂತೀರಾ?”

“ಎಂಜಿನ್ನೇ? ಇದಿಲ್ದಿದ್ರೆ ಅದು ಕಬ್ಬಿಣದ ಗುಂಡು. ನಾಳೆ ಬಾನೆಟ್ಟಿಗೆಲ್ಲ ಯಾಕೆ ಸುಮ್ನೆ, ಇದಕ್ಕೇ ಮಂಗಳಾರತಿ ಎತ್ಬುಡಿ ಮೇಡಂ. ನಿಮ್ಮ ನಿಜವಾದ ದೇವರು ಇದೇ.”

ಅವರು ನಕ್ಕರು. ನಾನೂ ನಕ್ಕೆ.

ಬ್ಯಾಟರಿಯನ್ನು ಕಾರಿನಿಂದ ಇಳಿಸಿ, ಕಿಲುಬನ್ನು ಬಿಸಿನೀರು ಸೋಡಾದಲ್ಲಿ ತೊಳೆದು, ಶೆಡ್ಡಿನ ಮೂಲೆಯಲ್ಲಿ ಒಂದು ಹಲಗೆಯ ಮೇಲಿಟ್ಟೆ. ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿದೆ. ಗಾಳಿ ಹೋಗಲೆಂದು ಆರೂ ಮುಚ್ಚಳ ಸಡಿಲ ಮಾಡಿದೆ. ತಾನೇ ನಿಲ್ಲುವ ಚಾರ್ಜರುಗಳು ನನ್ನ ಹತ್ತಿರ ಇದ್ದದ್ದು ಎರಡು, ಎರಡೂ ಬೇರೆ ಮನೆಗಳಲ್ಲಿದ್ದವು. ಹಳೆಯ ಕಾಲದ ದಪ್ಪ ಚಾರ್ಜರ್ ಹಾಕಿದೆ. ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ, ಬ್ಯಾಟರಿ ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ. ಬೆಳಗಿನ ಹೊತ್ತಿಗೆ ತೆಗೆದುಬಿಟ್ಟರೆ ಏನೂ ಆಗುವುದಿಲ್ಲ.

“ನೀವು ಮುಟ್ಟಬೇಡಿ. ಏಳು ಗಂಟೆಗೆ ನಾನೇ ಬಂದು ತೆಗೆದು ಕಾರಿಗೆ ಹಾಕಿಕೊಡ್ತೀನಿ” ಅಂದೆ. ಹೊರಡುವಾಗ ಶೆಡ್ಡಿನ ಗವಾಕ್ಷಿಗೆ ಗೋಣಿಚೀಲ ತುರುಕಿದ್ದು ಕಣ್ಣಿಗೆ ಬಿತ್ತು. ಇಲಿ ಬಂದು ವಯರು ಕಡಿಯುತ್ತದೆಂದು ಹಾಗೆ ಮಾಡಿದ್ದರು. ಅದನ್ನು ತೆಗೆಸಬೇಕಿತ್ತು. ಬೆಂಕಿ ಹತ್ತಿರ ತರಬೇಡಿ ಅಂತ ಹೇಳಲೇಬೇಕಿತ್ತು. ಇನ್ನೊಂದು ಮನೆಗೆ ಹೊತ್ತಾಗಿತ್ತು, ಓಡಿದೆ.

ಮಾರನೆಯ ಬೆಳಿಗ್ಗೆ ಏಳಕ್ಕೆ ನಾನು ಹೋಗಲಿಲ್ಲ. ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಐದು ಜನ ನಿಂತಿದ್ದರು. ಎಂಟೂ ನಲವತ್ತಕ್ಕೆ ಮೇಡಂ ಫೋನ್ ಮಾಡಿದ್ದರು. ಕೈಯಲ್ಲಿ ಸ್ಪ್ಯಾನರ್ ಇತ್ತು, ಇನ್ನೊಂದು ಅರ್ಧ ಗಂಟೆಗೆ ಹೊರಟೇಬಿಡುತ್ತೇನಲ್ಲ ಅಂದುಕೊಂಡು ಎತ್ತಲಿಲ್ಲ.

ಹನ್ನೊಂದರ ಹೊತ್ತಿಗೆ ನಮ್ಮ ಅಂಗಡಿಯ ಪೂಜೆ. ಸ್ಪ್ಯಾನರು, ಮೀಟರು, ಹೈಡ್ರೋಮೀಟರು ಎಲ್ಲ ತೊಳೆದು ಟವೆಲ್ಲಿನ ಮೇಲೆ ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಇಟ್ಟಿದ್ದಾಯಿತು. ಸ್ಕೂಟರಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಾಯಿತು. ನನ್ನ ಹೆಂಡತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಒಳಗಿನ ಬ್ಯಾಟರಿ ಸಾಲಿನ ಕಡೆ ತಿರುಗಿದಳು.

“ಬಾಗಿಲಿಂದಲೇ ತೋರ್ಸೆ, ಒಳಕ್ಕೆ ಓಗ್ಬೇಡ” ಅಂದೆ. ಪ್ರತಿ ವರ್ಷ ಹೇಳುವ ಮಾತು. ಚಾರ್ಜಿಗೆ ಹಾಕಿದ ಬ್ಯಾಟರಿಯ ಹತ್ತಿರ ನಮ್ಮ ಅಂಗಡಿಯಲ್ಲಿ ಬೀಡಿ ಕೂಡ ಹಚ್ಚುವಂತಿಲ್ಲ.

ಆ ಮಾತು ಬಾಯಿಂದ ಹೊರಬಿದ್ದದ್ದೇ ತಡ, ಮೇಡಂ ಬರೆದುಕೊಳ್ಳುತ್ತಿದ್ದ ಪುಸ್ತಕ ಕಣ್ಣ ಮುಂದೆ ಬಂತು. ನಾನು ಹೇಳಿದ ಒಂದು ಮಾತನ್ನೂ ಬಿಡದೆ ಬರೆದಿದ್ದರು. ಇದಕ್ಕೇ ಮಂಗಳಾರತಿ ಎತ್ತಿ ಅಂದದ್ದನ್ನೂ ಬರೆದಿರುತ್ತಾರೆ. ಸಂಜೆ ಆರರಿಂದ ಹನ್ನೊಂದರವರೆಗೆ, ಹದಿನೇಳು ಗಂಟೆ ಆ ಹಳೆಯ ಚಾರ್ಜರ್ ತಳ್ಳುತ್ತಲೇ ಇದೆ.

ತುಂಬಿದ ಬ್ಯಾಟರಿಗೆ ಕರೆಂಟು ಕೊಡುತ್ತಲೇ ಇದ್ದರೆ ಅದರ ನೀರು ಒಡೆದು ಗ್ಯಾಸ್ ಆಗುತ್ತದೆ. ಬಣ್ಣವಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಒಂದು ಕಿಡಿ ಸಾಕು, ಪೆಟ್ಟಿಗೆ ಬಾಂಬಿನಂತೆ ಸಿಡಿದು ಒಳಗಿನ ಆಸಿಡ್ ಎದುರಿಗಿರುವವರ ಮುಖಕ್ಕೇ ಹಾರುತ್ತದೆ. ನಾನಿದನ್ನು ಪುಸ್ತಕದಲ್ಲಿ ಓದಿದವನಲ್ಲ. ಕೆಲಸ ಕಲಿಯುವಾಗ ನನ್ನ ಗುರು ಬ್ಯಾಟರಿಯ ಮುಚ್ಚಳ ತೆಗೆದು, ನೀರು ಎಷ್ಟಿದೆ ನೋಡಲು ಬೆಂಕಿಕಡ್ಡಿ ಗೀರಿದರು. ಅವರ ಎಡಗಣ್ಣನ್ನು ಆಮೇಲೆ ಯಾವ ಡಾಕ್ಟರಿಗೂ ಉಳಿಸಲಾಗಲಿಲ್ಲ. ಅವತ್ತು ಅವರ ಮುಖಕ್ಕೆ ಕೊಡಗಟ್ಟಲೆ ನೀರು ಸುರಿದವನು ನಾನೇ.

ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಇನ್ನೊಂದು ಸಲ. ಮತ್ತೊಂದು ಸಲ. ಎತ್ತಲಿಲ್ಲ. ಸ್ಕೂಟರಿನ ಕೀಲಿ ಹುಡುಕತೊಡಗಿದೆ.

“ಆರತಿ ತಗೊಂಡು ಓಗ್ರೀ” ಅಂದಳು ಹೆಂಡತಿ. “ಪೂಜೆ ಅರ್ಧಕ್ಕೆ ಬುಟ್ಟು ಎದ್ದೋಗ್ತಾರಾ ಯಾರಾದ್ರೂ? ಇವತ್ತು ಗಾಡಿ ಮುಟ್ಬಾರ್ದು.”

“ಅಲ್ಲೊಬ್ರ ಮುಖ ಸುಟ್ಟೋಗ್ತದೆ ಕಣೆ. ನಾನೇ ಏಳಿ ಬಂದಿದ್ದು, ಬ್ಯಾಟರಿಗೆ ಆರತಿ ಎತ್ತಿ ಅಂತ.”

ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ತಮಾಷೆಗಳು ಅವಳಿಗೆ ಹೊಸದಲ್ಲ. ತಟ್ಟೆ ಕೆಳಗಿಟ್ಟು, ಬಗ್ಗಿ ಚಕ್ರದ ಮುಂದಿನ ನಿಂಬೆಹಣ್ಣುಗಳನ್ನು ಸರಿಸಿದಳು. “ಆ ನಂಬರ್ ಕೊಡಿ. ನೀವು ಓಗಿ ಸೇರೋವರ್ಗೂ ನಾನು ಮಾಡ್ತಾನೇ ಇರ್ತೀನಿ” ಅಂದಳು.

ದಸರೆಯ ಜನ. ಎಲ್ಲಾ ಸರ್ಕಲ್ಲಿನಲ್ಲೂ ಹೂವಿನವರು, ಬೂದುಗುಂಬಳದ ರಾಶಿ, ಅಲಂಕಾರ ಮಾಡಿಕೊಂಡ ಆಟೋಗಳು. ನನ್ನ ಸ್ಕೂಟರಿನ ಬಾಳೆಕಂದು ಒಂದು ಕಡೆ ಬಿಚ್ಚಿ ರಸ್ತೆಗೆ ಉಜ್ಜುತ್ತಿತ್ತು. ಅರಮನೆಯ ಹತ್ತಿರದ ರಸ್ತೆಗೆ ಬ್ಯಾರಿಕೇಡ್ ಹಾಕಿದ್ದರು. ಅಲ್ಲೊಬ್ಬ ಹೋಮ್‌ಗಾರ್ಡ್ ಹೆಣ್ಣುಮಗಳು ಸೀಟಿ ಬಾಯಲ್ಲಿಟ್ಟುಕೊಂಡು ನಿಂತಿದ್ದಳು.

“ಸುತ್ತಾಕ್ಕೊಂಡ್ ಓಗಿ ಸಾರ್. ಈ ಕಡೆ ಬುಡಲ್ಲ.”

“ಅರ್ಜೆಂಟು ಮೇಡಂ. ಒಂದು ಮನೇಲಿ ಬ್ಲಾಸ್ಟ್ ಆಗ್ಬುಡ್ತದೆ.”

ಸೀಟಿ ಅವಳ ಕೈಯಿಂದ ಜಾರಿ ಎದೆಯ ಮೇಲೆ ತೂಗಾಡಿತು. ದಸರೆಯ ಬಂದೋಬಸ್ತಿನ ನಡುವೆ ನಿಂತು ಆಡುವ ಮಾತೇ ಅದು? ನನ್ನ ನಾಲಿಗೆಗೆ ಬೆಂಕಿ ಹಾಕ. ಅವಳು ಕೈ ಎತ್ತಿದಳು, ಇಬ್ಬರು ಪೊಲೀಸರು ಬಂದರು. ಸೀಟು ತೆಗೆಸಿ ಡಿಕ್ಕಿ ನೋಡಿದರು. ಅದರಲ್ಲಿ ವಯರಿನ ಸುರುಳಿ, ಎರಡು ಕ್ಲಿಪ್ಪು ಇದ್ದದ್ದು ನೋಡಿ ಇನ್ನೂ ಅನುಮಾನ ಬಂತು. ಬ್ಯಾಟರಿ ಸಾರ್, ಕಾರ್ ಬ್ಯಾಟರಿ, ನಾನು ಅಂಗಡಿಯವನು ಅಂತ ಮತ್ತೆ ಮತ್ತೆ ಹೇಳಿದೆ. ಕೊನೆಗೆ ಅವರಲ್ಲೊಬ್ಬ ವಯಸ್ಸಾದವರು, “ಗಾಡಿ ಇಲ್ಲೇ ಇರ್ಲಿ. ನೀನು ಬೇಕಾದ್ರೆ ನಡ್ಕೊಂಡು ಓಗು” ಅಂದರು.

ಹೆಲ್ಮೆಟ್ ತಲೆಯ ಮೇಲೆ ಇರುವಂತೆಯೇ ಓಡಿದೆ. ನಾನು ಓಡಿ ಎಷ್ಟು ವರ್ಷವಾಗಿತ್ತೋ. ಎದುರು ಬಂದವರೆಲ್ಲ ತಿರುಗಿ ನೋಡುತ್ತಿದ್ದರು. ಎಲ್ಲೋ ಪಟಾಕಿ ಸಿಡಿಯಿತು. ಅದೇ ಆಯಿತು ಅಂದುಕೊಂಡು ನಡು ರಸ್ತೆಯಲ್ಲಿ ನಿಂತುಬಿಟ್ಟೆ. ಅಲ್ಲ ಅಂತ ಗೊತ್ತಾದ ಮೇಲೆ ಮತ್ತೆ ಓಡಿದೆ. ಅವರ ಗಂಡ ಊರಲ್ಲಿಲ್ಲ ಅಂತ ಹಿಂದಿನ ದಿನ ಹೇಳಿದ್ದರು. ಏನಾದರೂ ಆದರೆ ಮುಖಕ್ಕೆ ನೀರು ಹೊಯ್ಯಬೇಕು ಅಂತ ಯಾರಿಗೆ ಗೊತ್ತಿರುತ್ತದೆ ಅಲ್ಲಿ?

ಗೇಟು ದಾಟುವಾಗಲೇ ಗಂಟೆಯ ಸದ್ದು ಕೇಳಿಸಿತು. ಮನೆಯೊಳಗೆ ಎಲ್ಲೋ ಫೋನ್ ಹೊಡೆದುಕೊಳ್ಳುತ್ತಿತ್ತು. ಶೆಡ್ಡಿನ ಎರಡು ಬಾಗಿಲಲ್ಲಿ ಒಂದು ಮಾತ್ರ ತೆರೆದಿತ್ತು. ಹತ್ತಿರ ಹೋದರೆ ಮೂಗಿಗೆ ಅಡರುವ ಹುಳಿ ವಾಸನೆ, ಅದರ ಜೊತೆಗೆ ಕರ್ಪೂರದ ವಾಸನೆ.

ಒಳಗೆ ಮೇಡಂ ಕಾರಿನ ಬಾನೆಟ್ಟಿಗೆ ಆರತಿ ಬೆಳಗುತ್ತಿದ್ದರು. ಅವರಲ್ಲಿ ಕುಚ್ಚು ಕಲಿಯುವ ಇಬ್ಬರು ಹೆಂಗಸರು ಪಕ್ಕದಲ್ಲಿದ್ದರು, ಒಬ್ಬಾಕೆ ಗಂಟೆ ಬಾರಿಸುತ್ತಿದ್ದಳು. ಮೂಲೆಯಲ್ಲಿ ನನ್ನ ಬ್ಯಾಟರಿ. ಹಲಗೆಯ ಅಂಚಿಗೆಲ್ಲ ಅರಿಶಿನ ಕುಂಕುಮ ಹಚ್ಚಿದ್ದರು. ಸುತ್ತ ರಂಗೋಲಿ. ಬ್ಯಾಟರಿಯ ಮೇಲೆ ಹಸಿರು ರವಿಕೆ ಕಣ ಹೊದಿಸಿ, ಅದರ ಮೇಲೆ ಸೇವಂತಿಗೆ. ಬುಡದಲ್ಲಿ ಒಂದು ಬಾಳೆಹಣ್ಣಿಗೆ ಎರಡು ಊದುಬತ್ತಿ ಚುಚ್ಚಿ ಹಚ್ಚಿದ್ದರು. ಗಂಟೆ ನಿಂತಾಗ ಒಳಗಿನ ಆಸಿಡ್ ಕೊತಕೊತ ಕುದಿಯುವುದು ಬಾಗಿಲಿಗೇ ಕೇಳಿಸುತ್ತಿತ್ತು.

“ಒಳ್ಳೇ ಹೊತ್ತಿಗೆ ಬಂದ್ರಿ” ಅಂದರು ಮೇಡಂ, ನಗುತ್ತ. “ನೀವು ಹೇಳಿದ ದೇವರಿಗೆ ಈಗ ಎತ್ತಬೇಕು ಅಂತಿದ್ದೆ.” ತಟ್ಟೆ ಹಿಡಿದು ಮೂಲೆಯ ಕಡೆ ಎರಡು ಹೆಜ್ಜೆ ಇಟ್ಟರು.

“ಆರಿಸಿ ಮೇಡಂ” ಅಂದೆ. ಉಸಿರು ಕಟ್ಟಿ ಆ ಮಾತು ಅರ್ಧವೇ ಬಂತು.

“ಅಯ್ಯೋ, ಹಚ್ಚಿದ ಮಂಗಳಾರತಿ ಆರಿಸ್ತಾರಾ?” ಗಂಟೆಯ ಹೆಂಗಸು ಗದರಿದಳು. ಮೇಡಂ ತಟ್ಟೆಯನ್ನು ಎದೆಗೆ ಹತ್ತಿರ ಎಳೆದುಕೊಂಡರು. ನಿಲ್ಲಲಿಲ್ಲ, ಇನ್ನೊಂದು ಹೆಜ್ಜೆ ಹಾಕಿದರು.

ಹೋಗಿ ಕಿತ್ತುಕೊಂಡರೆ ಉರಿಯುವ ಕರ್ಪೂರ ಆ ರವಿಕೆ ಕಣದ ಮೇಲೆ ಬೀಳುತ್ತದೆ. ಕೂಗಿದರೆ ಬೆಚ್ಚಿ ತಟ್ಟೆ ಬಿಡುತ್ತಾರೆ, ಬಸ್ಸಿನ ಹಾರನ್ನಿಗೇ ಬೆಚ್ಚುವ ಜೀವ ಅದು. ಗ್ಯಾಸು, ಆಸಿಡ್ ಅಂತ ವಿವರಿಸಲು ಹೊತ್ತಿಲ್ಲ. ಒಂದೇ ಒಂದು ದಾರಿ ಹೊಳೆಯಿತು. ಹೆಲ್ಮೆಟ್ ತೆಗೆದು, ಬಾಗಿಲಲ್ಲೇ ಎರಡು ಕೈ ಮುಂದೆ ಚಾಚಿದೆ.

“ಮೊದ್ಲು ನನಗೆ ಕೊಟ್ಬುಡಿ ಮೇಡಂ. ನಮ್ಮ ಅಂಗಡೀಲಿ ಆರತಿ ತಗೊಳ್ಳದೆ ಎದ್ದು ಬಂದಿದ್ದೀನಿ.”

ಆರತಿಗೆ ಕೈ ಚಾಚಿದವರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಮೇಡಂ ತಿರುಗಿದರು. ನನ್ನ ಕಡೆ ಬಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಅವರು ಹೊಸ್ತಿಲಿಗೆ ಬಂದರು. ಇನ್ನೊಂದು ಹೆಜ್ಜೆ ಹಿಂದೆ, ಅವರು ಅಂಗಳಕ್ಕೆ ಇಳಿದರು. “ಇದೇನು ಹಿಂದೆ ಹಿಂದೆ ಹೋಗ್ತಿದ್ದೀರಿ, ತಗೊಳ್ಳಿ” ಅಂದರು. ತುಳಸಿ ಕಟ್ಟೆಯವರೆಗೂ ಹಿಂದೆಯೇ ನಡೆದೆ. ಅಲ್ಲಿ ಅಂಗೈಗಳನ್ನು ಉರಿಗೆ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಹಾಗೇ ತಟ್ಟೆ ಇಸಿದುಕೊಂಡು ಕಟ್ಟೆಯ ಮೇಲಿಟ್ಟೆ.

“ನೀವಿಬ್ರೂ ಹೊರಗೆ ಬನ್ನಿ. ಒಳಗೆ ಯಾವ ಸ್ವಿಚ್ಚೂ ಮುಟ್ಬೇಡಿ” ಅಂದೆ. ನನ್ನ ಮುಖ ನೋಡಿ ಆ ಹೆಂಗಸರು ಮಾತಾಡದೆ ಬಂದರು.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಓಡಿ ಹೋಗಿ ಕ್ಲಿಪ್ಪು ಕೀಳುವುದು. ಕರೆಂಟು ಹರಿಯುವಾಗ ಕಿತ್ತರೆ ಅಲ್ಲೇ ಕಿಡಿ ಹಾರುತ್ತದೆ. ಗೋಡೆಯ ಸ್ವಿಚ್ಚಿನ ಒಳಗೂ ಕಿಡಿ ಇರುತ್ತದೆ. ಮನೆಯ ಮೇನ್ ಎಲ್ಲಿ ಅಂತ ಕೇಳಿದೆ, ಗೇಟಿನ ಪಕ್ಕ ಅಂದರು. ಅದನ್ನು ಇಳಿಸಿದೆ. ಶೆಡ್ಡಿನಲ್ಲಿ ಚಾರ್ಜರಿನ ಗುಂಯ್ ಸದ್ದು ನಿಂತಿತು. ಎರಡನೇ ಬಾಗಿಲು ತೆಗೆದು, ಹೊರಗಡೆಯಿಂದ ಗವಾಕ್ಷಿಯ ಗೋಣಿಚೀಲ ಎಳೆದು ಹಾಕಿದೆ.

ಇನ್ನು ಊದುಬತ್ತಿ. ಅದರ ಕೆಂಡ ರವಿಕೆ ಕಣಕ್ಕೆ ನಾಲ್ಕು ಬೆರಳು ದೂರದಲ್ಲಿತ್ತು. ಹೆಲ್ಮೆಟ್ ಹಾಕಿ, ಗಾಜು ಇಳಿಸಿ, ಉಸಿರು ಹಿಡಿದು ಒಳಗೆ ಹೋದೆ. ಸುಳ್ಳು ಯಾಕೆ ಹೇಳಲಿ, ಎರಡು ಸಲ ಹೊಸ್ತಿಲವರೆಗೆ ಹೋಗಿ ವಾಪಸ್ ಬಂದು ಮೂರನೇ ಸಲ ಹೋದದ್ದು. ಬಾಳೆಹಣ್ಣಿನ ಸಮೇತ ಎತ್ತಿಕೊಂಡು ಹೊರಗೆ ಬಂದು ನೀರಿನ ತೊಟ್ಟಿಗೆ ಎಸೆದೆ.

ಇಪ್ಪತ್ತು ನಿಮಿಷ ಯಾರೂ ಒಳಗೆ ಹೋಗದಂತೆ ಅಂಗಳದಲ್ಲಿ ಕೂತೆವು. ಆಮೇಲೆ ಮೈನಸ್ ಕ್ಲಿಪ್ಪು ಮೊದಲು, ಪ್ಲಸ್ ಆಮೇಲೆ ತೆಗೆದೆ. ಬ್ಯಾಟರಿಯ ಒಂದು ಮಗ್ಗುಲು ಊದಿತ್ತು. ಅಂಗೈ ಇಟ್ಟರೆ ಎರಡು ಎಣಿಸುವಷ್ಟರಲ್ಲಿ ತೆಗೆಯಬೇಕು, ಅಷ್ಟು ಬಿಸಿ. ರವಿಕೆ ಕಣದಲ್ಲಿ ಮುಚ್ಚಳಗಳಿದ್ದ ಕಡೆಯೆಲ್ಲ ಆಸಿಡ್ ಹನಿ ತಾಗಿ ಆರು ತೂತು ಬಿದ್ದಿದ್ದವು. ಅದನ್ನು ನೀರಲ್ಲಿ ಜಾಲಿಸಿ ಮೇಡಂ ಕೈಗೆ ಕೊಟ್ಟೆ.

ತೂತುಗಳೊಳಗೆ ಬೆರಳು ತೂರಿಸಿ ನೋಡಿದರು. ಆಗ ಎಲ್ಲ ಹೇಳಿದೆ. ಏಳಕ್ಕೆ ಬರದೇ ಇದ್ದದ್ದು, ಫೋನ್ ಎತ್ತದೇ ಇದ್ದದ್ದು, ಬೆಂಕಿಯ ವಿಷಯ ಹೇಳದೆ ಓಡಿದ್ದು, ಆ ಮಂಗಳಾರತಿಯ ಮಾತು ಬರೀ ತಮಾಷೆ ಅಂತ. ನನ್ನ ಗುರುವಿನ ಕಣ್ಣಿನ ವಿಷಯವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಗೊತ್ತಿರೋರು ನೀವು” ಅಂದರು. “ನಕ್ಕೊಂಡೇ ಹೇಳಿದ್ರಿ, ನಿಜ. ಆದ್ರೆ ಗೊತ್ತಿರೋರು ನಕ್ಕೊಂಡು ಹೇಳಿದ್ದರಲ್ಲಿ ಯಾವುದು ಬರ್ಕೋಬೇಕು, ಯಾವುದು ಬಿಡಬೇಕು ಅಂತ ನನಗೆ ಹೇಗೆ ಗೊತ್ತಾಗಬೇಕು?”

ಅವರು ಬಟ್ಟೆಯನ್ನು ಮಡಿಚುತ್ತಿದ್ದವರು ಕೈ ನಿಲ್ಲಿಸಿದರು.

“ಇದನ್ನ ನನಗೊಬ್ಬಳಿಗೇ ಹೇಳಿದ್ರಾ?”

ಅಷ್ಟು ಚೆನ್ನಾಗಿದ್ದ ಮಾತನ್ನು ನಾನು ಒಬ್ಬರಿಗೆ ಹೇಳಿ ಬಿಡುವವನೇ? ಆ ವಾರ ಚಾರ್ಜರ್ ಇಟ್ಟು ಬಂದ ಮನೆಯಲ್ಲೆಲ್ಲ ಹೇಳಿ ನಗಿಸಿದ್ದೆ. ಇನ್ನೂ ಮೂರು ಮನೆ. ಅಲ್ಲೇ ನಿಂತು ಒಂದೊಂದಕ್ಕೂ ಫೋನ್ ಮಾಡತೊಡಗಿದೆ.

ಮೊದಲನೆಯವರು ಕೂಡಲೇ ಎತ್ತಿದರು. ಬೆಳಿಗ್ಗೆಯೇ ತೆಗೆದಿಟ್ಟಿದ್ದೇವೆ ಅಂದರು. ಎರಡನೆಯವರು ಆಗಲೇ ಆರತಿ ಎತ್ತಿ ಮುಗಿಸಿದ್ದರು, ಬ್ಯಾಟರಿಗೇ. ಏನೂ ಆಗಿರಲಿಲ್ಲ, ಅಲ್ಲಿದ್ದದ್ದು ತಾನೇ ನಿಲ್ಲುವ ಚಾರ್ಜರ್. ಮೂರನೆಯದು ಅಗ್ರಹಾರದ ಮನೆ. ಓಣಿಗೆ ತಾಗಿದ ಹಳೇ ಮನೆ, ಬ್ಯಾಟರಿಯನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿಟ್ಟು ಬಂದಿದ್ದೆ. ಚಾರ್ಜರ್ ಹಳೆಯದು. ಫೋನ್ ರಿಂಗ್ ಆಗುತ್ತಲೇ ಇತ್ತು. ಹೋಗಿ ನೋಡೋಣವೆಂದರೆ ಸ್ಕೂಟರ್ ಪೊಲೀಸರ ಹತ್ತಿರ. ಮೇಡಂ ಒಳಗೆ ಹೋಗಿ ತಮ್ಮ ಫೋನ್ ತಂದು, ನಂಬರ್ ಕೇಳಿ, ಅವರೂ ಮಾಡತೊಡಗಿದರು.

ನಾನು ಐದನೇ ಸಲ ಮಾಡಿದಾಗ ಮನೆಯ ಯಜಮಾನರು ಎತ್ತಿದರು. ಹಿಂದೆ ಗಂಟೆ ಜಾಗಟೆ ಕೇಳಿಸುತ್ತಿತ್ತು. “ಆಮೇಲೆ ಮಾಡಿ ಕಣ್ರೀ, ಮಂಗಳಾರತಿ ಕೈಯಲ್ಲಿದೆ” ಅಂದರು.

ಹೇಳಬೇಕಾದದ್ದೆಲ್ಲ ನನ್ನ ತಲೆಯಲ್ಲಿತ್ತು. ಬಾಯಿ ತೆರೆದೆ. ಇಡೀ ಜನ್ಮದಲ್ಲಿ ಮೊದಲ ಸಲ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಮೇಡಂ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. “ನಮಸ್ಕಾರ. ಬ್ಯಾಟರಿ ಅಂಗಡಿಯವರ ಕಡೆಯಿಂದ ಮಾತಾಡ್ತಿದ್ದೀನಿ” ಅಂದರು, ಸ್ವಲ್ಪವೂ ಅವಸರವಿಲ್ಲದ ದನಿಯಲ್ಲಿ. “ಆರತಿ ಆರಿಸಬೇಡಿ. ಹಾಗೇ ಹಿಡ್ಕೊಂಡು ಬೀದಿ ಬಾಗಿಲಿಗೆ ಬನ್ನಿ. ಹ್ಞಾಂ, ಎಲ್ಲರೂ. ಬಂದ್ರಾ? ಈಗ ನಿಮ್ಮನೆ ಮೇನ್ ಎಲ್ಲಿದೆ ಹೇಳಿ.”